ಖಾಲಿ ಗೋಡೆಯಲ್ಲಿ ಅವಿತಿದ್ದ ಕ್ಯುಪಿಡ್

ಪ್ರಶ್ನೆ: ಮಗ ಜರ್ಮನಿಯ ಡ್ರೆಸ್ಡನ್‌ನಿಂದ ಒಂದು ಪೋಸ್ಟರ್ ತಂದಿದ್ದಾನೆ. ಡಚ್ ಕಲಾವಿದ ವರ್ಮೀರ್ ಬರೆದ ಚಿತ್ರ. ತೆರೆದ ಕಿಟಕಿಯ ಮುಂದೆ ಹುಡುಗಿಯೊಬ್ಬಳು ಕಾಗದ ಓದುತ್ತಿದ್ದಾಳೆ. ನನಗೇನೋ ಅವಳು ದುಃಖದಲ್ಲಿದ್ದಾಳೆ ಅನ್ನಿಸಿತು. ಮನೆಯಲ್ಲಿರುವ ಹಳೆಯ ಪುಸ್ತಕದಲ್ಲಿ ಇದೇ ಚಿತ್ರದ ಗೋಡೆ ಖಾಲಿ. ಪೋಸ್ಟರಿನಲ್ಲಿ ನೋಡಿದರೆ ದೊಡ್ಡ ಕ್ಯುಪಿಡ್, ಅಂದರೆ ರೋಮನ್ನರ ಪ್ರೀತಿಯ ದೇವರು, ನಿಂತಿದ್ದಾನೆ! ಯಾವುದು ಅಸಲಿ? ಮುಂದೆ ಇರುವ ಹಣ್ಣು ಪಾಪದ ಗುರುತಂತೆ, ಹೌದಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಪೋಸ್ಟರೇ ಅಸಲಿ. ಇದನ್ನು ಬರೆಯುವಾಗ ನನಗೆ ಸ್ವಲ್ಪ ನಾಚಿಕೆ. ಡ್ರಾಯಿಂಗ್ ಮೇಷ್ಟ್ರಾಗಿದ್ದಾಗ ಆ ಖಾಲಿ ಗೋಡೆ ತೋರಿಸಿ, ‘ನೋಡ್ರೋ, ಒಂಟಿತನ ಅಂದರೆ ಇದು’ ಎಂದು ಮಕ್ಕಳ ತಲೆ ತಿಂದಿದ್ದೇನೆ. ಆ ಒಂಟಿತನ ವರ್ಮೀರನದಲ್ಲ, ಬಣ್ಣ ಬಳಿದ ಬೇರೆ ಯಾರದೋ ಕೆಲಸ!

ವರ್ಮೀರ್ ಇದನ್ನು ಬರೆದದ್ದು 1657–59ರ ಸುಮಾರಿಗೆ. ಗೋಡೆಯೊಳಗೆ ಕ್ಯುಪಿಡ್ ಇದ್ದಾನೆಂದು 1979ರಲ್ಲಿ ಎಕ್ಸ್‌ರೇಯಿಂದ ಗೊತ್ತಾಯಿತು. ವರ್ಮೀರನೇ ಮನಸ್ಸು ಬದಲಿಸಿ ಅಳಿಸಿರಬೇಕು ಎಂದುಕೊಂಡರು. ಆಮೇಲೆ ಪರೀಕ್ಷಿಸಿದಾಗ ಎರಡು ಬಣ್ಣಗಳ ನಡುವೆ ವಾರ್ನಿಷ್ ಮತ್ತು ಕೊಳೆ ಸಿಕ್ಕಿತು. ಕೊಳೆ ಕೂರಬೇಕಾದರೆ ಎಷ್ಟೋ ವರ್ಷ ಬೇಕು, ಅಲ್ವಾ? ಅಂದರೆ ಬಳಿದದ್ದು ಅವನು ಸತ್ತ ಮೇಲೆ. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ, ಸಣ್ಣ ಚಾಕುವಿನಿಂದ ಮೇಲಿನ ಬಣ್ಣ ಕೆರೆದು ತೆಗೆದರು. 2021ರಲ್ಲಿ ಕ್ಯುಪಿಡ್ ಪೂರ್ತಿ ಹೊರಬಂದ.

ಪೋಸ್ಟರಿನಲ್ಲಿ ಅವನ ಕಾಲಬುಡ ನೋಡಿ. ಮುಖವಾಡ ತುಳಿದಿದ್ದಾನೆ. ನಿಜವಾದ ಪ್ರೀತಿ ಸೋಗನ್ನು ತುಳಿಯುತ್ತದೆ ಎಂಬ ಅರ್ಥದ ಚಿತ್ರಗಳು ಆ ಕಾಲದ ಡಚ್ಚರಿಗೆ ಪುಸ್ತಕಗಳಿಂದ ಚೆನ್ನಾಗಿ ಗೊತ್ತಿದ್ದವು. ಹಾಗಾಗಿ ಪ್ರೇಮಪತ್ರ ಎನ್ನಲು ಅಡ್ಡಿಯಿಲ್ಲ. ಅದರಲ್ಲಿ ಬರೆದಿರುವುದು ನಿಜವೋ ಸುಳ್ಳೋ, ಅದನ್ನು ಮಾತ್ರ ಕ್ಯುಪಿಡ್ ಹೇಳುವುದಿಲ್ಲ.

ಇನ್ನು ಹಣ್ಣು. ಹಣ್ಣು ಕಂಡರೆ ಪಾಪ, ನಾಯಿ ಕಂಡರೆ ನಿಷ್ಠೆ ಅಂತ ಪಂಚಾಂಗ ನೋಡಿದ ಹಾಗೆ ಓದುವುದು ನನಗೆ ಹಿಡಿಸುವುದಿಲ್ಲ. ವರ್ಮೀರನದೇ ಇನ್ನೊಂದು ಚಿತ್ರವಿದೆ, ತಕ್ಕಡಿ ಹಿಡಿದ ಹೆಂಗಸು. ಅವಳು ಚಿನ್ನ ತೂಗುತ್ತಿದ್ದಾಳೆ ಎಂದು 1696ರ ಹರಾಜಿನ ಪಟ್ಟಿಯಲ್ಲೇ ಬರೆದಿದ್ದರು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತಟ್ಟೆ ಎರಡೂ ಖಾಲಿ! ಮೊದಲು ಕಣ್ಣಿಗೆ ಕಾಣುವುದನ್ನು ನೋಡೋಣ. ಇಲ್ಲಿ ಹಣ್ಣಿನ ತಟ್ಟೆ ವಾಲಿದೆ, ರತ್ನಗಂಬಳಿ ಮುದುಡಿದೆ, ಹಣ್ಣು ಉರುಳಿವೆ, ಒಂದು ಪೀಚ್ ಹೋಳಾಗಿ ಒಳಗಿನ ಬೀಜ ಕಾಣುತ್ತಿದೆ. ಹುಡುಗಿ ಮಾತ್ರ ಅಲುಗಾಡದೆ ನಿಂತಿದ್ದಾಳೆ. ನೋಡುವವರಿಗೆ ಕಸಿವಿಸಿ ಆಗುವುದು ಅದಕ್ಕೇ, ಪಾಪಪುಣ್ಯದಿಂದಲ್ಲ.

ದುಃಖ ಅಂದಿರಲ್ಲ, ಮುಖ ಇನ್ನೊಮ್ಮೆ ನೋಡಿ. ಕಿಟಕಿಯ ಗಾಜಿನಲ್ಲೂ ಅದೇ ಮುಖ ಮಸುಕಾಗಿ ಇದೆ. ತುಟಿ ಒಂಚೂರು ತೆರೆದಿದೆ, ಕಣ್ಣು ಕಾಗದದ ಮೇಲೇ ಇದೆ. ನನ್ನ ಪ್ರಕಾರ ಅವಳಿಗೆ ಇನ್ನೂ ದುಃಖವೂ ಇಲ್ಲ, ಸಂತೋಷವೂ ಇಲ್ಲ. ಓದಿ ಮುಗಿಸಿಲ್ಲ, ಅಷ್ಟೆ.

ಹಳೆಯ ಪುಸ್ತಕ ಎಸೆಯಬೇಡಿ, ಹೋಲಿಸಿ ನೋಡಲು ಬೇಕಾಗುತ್ತದೆ. ಪೋಸ್ಟರನ್ನು ಎಡಗಡೆ ಕಿಟಕಿ ಇರುವ ಗೋಡೆಗೆ ಹಾಕಿ. ಚಿತ್ರದಲ್ಲೂ ಬೆಳಕು ಬರುವುದು ಎಡದಿಂದಲೇ.