ಡೈವ್ ಕಂಪ್ಯೂಟರ್ ಕೆಟ್ಟಿಲ್ಲ, ಮೊದಲು ಕರ್ನಲ್ ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಗೆಲಿಲಿಯೋ ಸೋಲ್ ಎಂಬ ಡೈವ್ ಕಂಪ್ಯೂಟರ್‌ನಿಂದ (ಡೈವಿಂಗ್ ಮಾಡುವವರು ಕೈಗೆ ಕಟ್ಟಿಕೊಳ್ಳುವ, ಪ್ರತಿ ಡೈವ್ ದಾಖಲಿಸುವ ಯಂತ್ರ) ಡೈವ್‌ಗಳ ದಾಖಲೆ ಯುಎಸ್‌ಬಿ ಇನ್ಫ್ರಾರೆಡ್ ಅಡಾಪ್ಟರ್ ಮೂಲಕ ಮೊದಲು ಲಿನಕ್ಸ್‌ಗೆ ಸರಿಯಾಗಿ ಬರುತ್ತಿತ್ತು. ಸಿಸ್ಟಮ್ ಅಪ್‌ಗ್ರೇಡ್ ಮಾಡಿದ ಮೇಲೆ ಡೈವ್ ದಾಖಲೆ ಇಡುವ ಸಬ್‌ಸರ್ಫೇಸ್ ಪ್ರೋಗ್ರಾಂಗೆ ಯಂತ್ರವೇ ಸಿಗುತ್ತಿಲ್ಲ. ಅಡಾಪ್ಟರ್ ಬದಲಿಸಿದರೂ ಅಷ್ಟೇ. ಡೈವ್ ಕಂಪ್ಯೂಟರ್‌ನ ಇನ್ಫ್ರಾರೆಡ್ ಸತ್ತಿದೆಯಾ ಅಂತ ಕೇಳಿದ್ದೀರಿ.

ಬಹುಶಃ ಇಲ್ಲ. ದಯವಿಟ್ಟು ಅದನ್ನು ಬಿಚ್ಚಲು ಹೋಗಬೇಡಿ, ಮೂರನೇ ಅಡಾಪ್ಟರ್ ಕೂಡ ಈಗಲೇ ಕೊಳ್ಳಬೇಡಿ. ನನ್ನ ಡೈವ್ ಕಂಪ್ಯೂಟರ್ ಅಲಾಡಿನ್‌ಗೂ ಇದೇ ಆಗಿತ್ತು. ಎರಡು ಸಂಜೆ ಅದರ ಕಿಟಕಿಯನ್ನು ಒರೆಸುತ್ತಾ, ಕೋನ ಬದಲಿಸುತ್ತಾ ಕಳೆದೆ. ಕಾರಣ ಅಲ್ಲಿರಲೇ ಇಲ್ಲ.

ಟರ್ಮಿನಲ್ ತೆರೆದು ಕರ್ನಲ್ (ಯಂತ್ರದ ಭಾಗಗಳನ್ನು ಮಾತನಾಡಿಸುವ ಲಿನಕ್ಸ್‌ನ ತಿರುಳು) ಯಾವ ಆವೃತ್ತಿ ಅಂತ ನೋಡಿ. ಇನ್ಫ್ರಾರೆಡ್ ಮಾತುಕತೆಗೆ ಬೇಕಾದ ಐಆರ್‌ಡಿಎ ಭಾಗವನ್ನು 2017ರಲ್ಲಿ 4.14ನೇ ಕರ್ನಲ್‌ನಲ್ಲಿ 'ಸ್ಟೇಜಿಂಗ್' ಎಂಬ ಮೂಲೆಗೆ ಸರಿಸಿದರು. ನೋಡಿಕೊಳ್ಳುವವರು ಇರಲಿಲ್ಲ. 2018ರಲ್ಲಿ 4.17 ಬಂದಾಗ ಪೂರ್ತಿ ತೆಗೆದೇಬಿಟ್ಟರು. ಡ್ರೈವರ್‌ಗಳೂ ಅದರ ಜೊತೆಗೇ ಹೋದವು. ನಿಮ್ಮದು 4.17 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಅಡಾಪ್ಟರ್ ಎಷ್ಟೇ ಒಳ್ಳೆಯದಿದ್ದರೂ ಅದನ್ನು ಮಾತನಾಡಿಸುವವರು ಒಳಗೆ ಯಾರೂ ಇಲ್ಲ.

ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಟ್ಟರೆ ಅಡಾಪ್ಟರ್ ಕಾಣಿಸುತ್ತದೆ, ಮಾಸ್‌ಚಿಪ್ 7780 ಅಂತ ಹೆಸರೂ ಬರುತ್ತದೆ. ಕಾಣಿಸಿತಲ್ಲ, ಹಾಗಾದರೆ ಸರಿ ಇದೆ ಅಂದುಕೊಳ್ಳುತ್ತೇವೆ. ಅದು ಯುಎಸ್‌ಬಿ ತಂತಿಯ ಗುರುತು ಮಾತ್ರ. ಬೇಕಾದದ್ದು ನೆಟ್‌ವರ್ಕ್ ಇಂಟರ್‌ಫೇಸ್‌ಗಳ ಪಟ್ಟಿಯಲ್ಲಿ ಐಆರ್‌ಡಿಎ0 ಎಂಬ ಹೆಸರು. ಹೌದು, ಲಿನಕ್ಸ್ ಇದನ್ನು ಈಥರ್ನೆಟ್ ಕಾರ್ಡ್‌ನ ಹಾಗೆ ನೆಟ್‌ವರ್ಕ್ ಸಾಧನವಾಗಿಯೇ ನೋಡುತ್ತಿತ್ತು. ಅದಕ್ಕೇ ಸೀರಿಯಲ್ ಪೋರ್ಟ್‌ಗಳ ಸಾಲಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಪ್ರೋಗ್ರಾಂನ ಲಾಗ್‌ನಲ್ಲಿ 'ಅಡ್ರೆಸ್ ಫ್ಯಾಮಿಲಿ ನಾಟ್ ಸಪೋರ್ಟೆಡ್' ಅಂತ ಇದ್ದರೆ ಅನುಮಾನವೇ ಬೇಡ, ಕರ್ನಲ್‌ನಲ್ಲಿ ಆ ಭಾಗ ಇಲ್ಲ.

ದಾರಿ ಎರಡಿವೆ. ಒಂದು, ತೆಗೆದುಹಾಕಿದ ಆ ಕೋಡನ್ನು ಹೊರಗಿನ ಮಾಡ್ಯೂಲ್ ಆಗಿ ಹೊಸ ಕರ್ನಲ್‌ಗೆ ಕಟ್ಟಿಕೊಳ್ಳುವುದು. ಆಗುತ್ತದೆ, ಆದರೆ ಕರ್ನಲ್ ಬದಲಾದಾಗಲೆಲ್ಲ ಮತ್ತೆ ಕಟ್ಟಬೇಕು. ಡೈವ್ ಕಂಪ್ಯೂಟರ್ ಜೊತೆ ಮಾತನಾಡಲು ಸಬ್‌ಸರ್ಫೇಸ್ ಬಳಸುವ ಲೈಬ್ರರಿ ಲಿಬ್‌ಡೈವ್‌ಕಂಪ್ಯೂಟರ್ ಕೂಡ ಐಆರ್‌ಡಿಎ ಸಮೇತ ಕಂಪೈಲ್ ಆಗಿರಬೇಕು. ಐಆರ್‌ಡಿಎ ಹೆಡರ್ ಫೈಲ್ ಸಿಗದಿದ್ದರೆ ಅದು ಸುಮ್ನೆ ಆ ಭಾಗವನ್ನು ಬಿಟ್ಟು ಕಂಪೈಲ್ ಆಗಿಬಿಡುತ್ತದೆ.

ಎರಡನೆಯದು ನಾನು ಮಾಡಿದ್ದು, ನಿಮಗೂ ಅದನ್ನೇ ಹೇಳುತ್ತೇನೆ. ಹಳೆಯ ಲಿನಕ್ಸ್ ಒಂದನ್ನು ಇದೊಂದು ಕೆಲಸಕ್ಕೆ ಇಟ್ಟುಕೊಳ್ಳಿ. ಡೆಬಿಯನ್ 9ರಲ್ಲಿ ಕರ್ನಲ್ 4.9 ಇದೆ, ಅದಕ್ಕೆ ಐಆರ್‌ಡಿಎ ಗೊತ್ತು. ಅದನ್ನು ವರ್ಚುವಲ್ ಮೆಷಿನ್‌ನಲ್ಲಿ (ನಿಮ್ಮ ಕಂಪ್ಯೂಟರ್‌ನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಹಾಕಿ, ಅಡಾಪ್ಟರ್ ಇರುವ ಯುಎಸ್‌ಬಿಯನ್ನು ಅದಕ್ಕೇ ಬಿಟ್ಟುಕೊಡಿ. ಡೈವ್‌ಗಳನ್ನು ಅಲ್ಲಿ ಇಳಿಸಿ, ಫೈಲನ್ನು ಹೊಸ ಸಿಸ್ಟಮ್‌ಗೆ ತಂದು ಸಬ್‌ಸರ್ಫೇಸ್‌ನಲ್ಲಿ ತೆರೆಯಿರಿ. ಹಳೆಯ ಸಿಸ್ಟಮ್‌ಗೆ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ. ಬೇಕಾದದ್ದೆಲ್ಲ ಹಾಕಿಕೊಂಡ ಮೇಲೆ ಇಂಟರ್ನೆಟ್ ಕಿತ್ತುಬಿಡಿ.

ಹಳೆಯ ಸಿಸ್ಟಮ್‌ನಲ್ಲಿ ಡ್ರೈವರ್ ಹತ್ತಿದ ಮೇಲೆ ಐಆರ್‌ಅಟ್ಯಾಚ್ ಕಮಾಂಡಿಗೆ ಐಆರ್‌ಡಿಎ0 ಹೆಸರು ಮತ್ತು 'ಎಸ್' ಆಯ್ಕೆ ಕೊಡಿ. ಆ 'ಎಸ್' ಮರೆತರೆ ಅಡಾಪ್ಟರ್ ಹುಡುಕಾಟವನ್ನೇ ಶುರು ಮಾಡುವುದಿಲ್ಲ. ಈಗ ಫೋನಿನ ಮುಂದಿನ ಕ್ಯಾಮೆರಾವನ್ನು ಅಡಾಪ್ಟರ್‌ನ ಕಪ್ಪು ಕಿಟಕಿಗೆ ಹಿಡಿಯಿರಿ. ಕಣ್ಣಿಗೆ ಏನೂ ಕಾಣದು, ಆದರೆ ಫೋನಿನ ಪರದೆಯಲ್ಲಿ ಕೆಲವು ಸೆಕೆಂಡಿಗೊಮ್ಮೆ ನೇರಳೆ ಬಣ್ಣದ ಸಣ್ಣ ಮಿಣುಕು ಕಾಣಬಹುದು. ಕಂಡರೆ ಅಡಾಪ್ಟರ್ ಜೀವಂತ ಇದೆ. ಕೆಲವು ಫೋನುಗಳು ಇನ್ಫ್ರಾರೆಡ್ ಅನ್ನು ಸೋಸಿಬಿಡುತ್ತವೆ, ಹಾಗಾಗಿ ಕಾಣದಿದ್ದರೆ ಅಷ್ಟಕ್ಕೇ ಎದೆಗುಂದಬೇಡಿ.

ನಂಬಬೇಕಾದದ್ದು ಐಆರ್‌ಡಿಎ‌ಡಂಪ್ ಕಮಾಂಡನ್ನು. ಓಡಿಸಿದರೆ ಸಾಲು ಸಾಲಾಗಿ 'ಎಕ್ಸ್‌ಐಡಿ ಸಿಎಮ್‌ಡಿ' ಅಂತ ಹರಿಯುತ್ತದೆ. ಅದು ಅಡಾಪ್ಟರ್ "ಯಾರಾದರೂ ಇದ್ದೀರಾ?" ಅಂತ ಕೂಗುವುದು. ಡೈವ್ ಕಂಪ್ಯೂಟರ್ ಓಗೊಟ್ಟರೆ ನಡುವೆ 'ಎಕ್ಸ್‌ಐಡಿ ಆರ್‌ಎಸ್‌ಪಿ' ಅಂತ ಒಂದು ಸಾಲು ಬಂದು, ಅದರ ಕೊನೆಯಲ್ಲಿ ಯಂತ್ರದ ಹೆಸರು ಇರುತ್ತದೆ. ನನ್ನ ಅಲಾಡಿನ್‌ನ ಹೆಸರು ಅಲ್ಲಿ ಮೂಡಿದಾಗ ಆದ ಸಮಾಧಾನ ಇನ್ನೂ ನೆನಪಿದೆ. ಅಷ್ಟೂ ಡೈವ್‌ಗಳು ಅದರೊಳಗಿದ್ದವು.

ಕೂಗು ಮಾತ್ರ ಇದ್ದು ಉತ್ತರ ಇಲ್ಲದಿದ್ದರೆ ಆಗ ಕೋನ, ಬೆಳಕು ಇವನ್ನೆಲ್ಲ ನೋಡಿ. ಐಆರ್‌ಡಿಎ ಕಿರಣ ನೇರ ಗೆರೆಯಿಂದ ಆಚೀಚೆ 15 ಡಿಗ್ರಿಯಷ್ಟು ಮಾತ್ರ ಹರಡುತ್ತದೆ. ಕೈಯಲ್ಲಿ ಹಿಡಿಯಬೇಡಿ. ಎರಡನ್ನೂ ಮೇಜಿನ ಮೇಲೆ ಒಂದೇ ಎತ್ತರದಲ್ಲಿ, ಎದುರುಬದುರಾಗಿ, 10–20 ಸೆಂ.ಮೀ. ದೂರದಲ್ಲಿ ಇಡಿ. ಮಡಚಿದ ಟವೆಲ್ ಮೇಲಿಟ್ಟರೆ ಗೆಲಿಲಿಯೋ ಜಾರದೆ ನಿಲ್ಲುತ್ತದೆ. ಬಿಸಿಲು ನೇರ ಬೀಳಬಾರದು, ಟ್ಯೂಬ್‌ಲೈಟ್ ಆರಿಸಿದರೆ ಇನ್ನೂ ಒಳ್ಳೆಯದು. ಡೈವ್ ಕಂಪ್ಯೂಟರ್ ಪೂರ್ತಿ ಒಣಗಿರಲಿ, ಪರದೆ ಎಚ್ಚರವಾಗಿರಲಿ. ಅರ್ಧಕ್ಕೆ ನಿಂತುಹೋಗುವ ಡೌನ್‌ಲೋಡ್‌ಗೂ ಇದೇ ಮದ್ದು.

ಎರಡನೆಯ ಅಡಾಪ್ಟರ್ ಯಾವುದು ಅಂತ ನೀವು ಬರೆದಿಲ್ಲ. ಟಿವಿ ರಿಮೋಟ್‌ಗೆ ಇರುವ ಇನ್ಫ್ರಾರೆಡ್ ರಿಸೀವರ್ ಆಗಿದ್ದರೆ ಅದನ್ನು ಪಕ್ಕಕ್ಕಿಡಿ. ಬೆಳಕು ಎರಡಕ್ಕೂ ಇನ್ಫ್ರಾರೆಡ್ಡೇ, ಆದರೆ ಮಾತಿನ ರೀತಿ ಬೇರೆ. ಅದರಿಂದ ಎಂದೂ ಡೈವ್ ಇಳಿಯುವುದಿಲ್ಲ.

ಒಂದು ವಿಷಯಕ್ಕೆ ಮಾತ್ರ ಅವಸರ ಮಾಡಿ. ಡೈವ್ ಕಂಪ್ಯೂಟರ್‌ನ ನೆನಪು ತುಂಬಿದರೆ ಹೊಸ ಡೈವ್ ಹಳೆಯದರ ಮೇಲೆ ಬರೆಯುತ್ತದೆ. ಮುಂದಿನ ಪ್ರವಾಸಕ್ಕೆ ಮೊದಲೇ ಇದನ್ನು ಮುಗಿಸಿಕೊಳ್ಳಿ. ಐಆರ್‌ಡಿಎ‌ಡಂಪ್‌ನಲ್ಲಿ ಏನು ಬಂತು ಅಂತ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.