ಕಾವಲಿಯ ಪಕ್ಕದಲ್ಲಿ ಕೂಗಿದ ಫೋನು: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲದ ಈ ಸಂಚಿಕೆಗೆ ಕೊಡಗಿನಿಂದ ಬಂದ ಪತ್ರಗಳಲ್ಲಿ ಕೆಲವು ಅಡುಗೆಮನೆಗೆ ಸಂಬಂಧಿಸಿದವು, ಕೆಲವು ಫೋನಿನ ಕಾಟಕ್ಕೆ ಸಂಬಂಧಿಸಿದವು. ಮೊದಲನೆಯದರಲ್ಲಿ ಎರಡೂ ಒಟ್ಟಿಗೆ ಬಂದಿವೆ.

ಪ್ರಶ್ನೆ: ಕಕ್ಕಬ್ಬೆಯ ಬಳಿ ಮೂರು ಕೋಣೆಗಳ ಹೋಂಸ್ಟೇ ನಡೆಸುತ್ತಿದ್ದೇವೆ. ಬೆಂಗಳೂರಿನಿಂದ ಬರುವ ಮಕ್ಕಳು ಬೆಳಗಿನ ತಿಂಡಿಗೆ ಪ್ಯಾನ್‌ಕೇಕ್ ಕೇಳುತ್ತಾರೆ, ಅದರ ಮೇಲೆ ಸುರಿಯಲು ಮೇಪಲ್ ಸಿರಪ್ ಕೇಳುತ್ತಾರೆ. ಆ ಬಾಟಲಿ ತುಂಬ ದುಬಾರಿ. ಮನೆಯಲ್ಲಿರುವ ಬೆಲ್ಲ, ಜೇನು ಹಾಕಿದರೆ ಸಾಲದೇ? ಇನ್ನೊಂದು ಮಾತು: ಒಮ್ಮೆ ತಿಂಡಿಯ ಹೊತ್ತಿನಲ್ಲಿ ಮೇಜಿನ ಮೇಲಿದ್ದ ಆರೂ ಫೋನುಗಳು ಒಟ್ಟಿಗೆ ಕಿರುಚಿಕೊಂಡು, ಪುಟ್ಟ ಹುಡುಗಿಯೊಬ್ಬಳು ಹೆದರಿ ತಟ್ಟೆಯನ್ನೇ ಕೆಳಗೆ ಹಾಕಿದಳು. ಆ ಸದ್ದನ್ನು ಶಾಶ್ವತವಾಗಿ ನಿಲ್ಲಿಸುವುದು ಹೇಗೆ?

ಉತ್ತರ: ಬೆಲ್ಲ, ಜೇನು ಧಾರಾಳವಾಗಿ ಸಾಕು, ನಿಮ್ಮ ಮನೆಯ ಮೇಜಿಗೆ ಅವೇ ಹೆಚ್ಚು ಒಪ್ಪುತ್ತವೆ ಎಂಬುದು ನನ್ನ ಅಭಿಪ್ರಾಯ. ಮೇಪಲ್ ಸಿರಪ್ ಎಂದರೆ ಉತ್ತರ ಅಮೆರಿಕದ ಮೇಪಲ್ ಮರಗಳಿಂದ, ಚಳಿಗಾಲ ಮುಗಿಯುತ್ತಿರುವ ದಿನಗಳಲ್ಲಿ, ಕಾಂಡಕ್ಕೆ ತೂತು ಕೊರೆದು ಇಳಿಸಿದ ತೆಳು ರಸವನ್ನು ಕುದಿಸಿ ಬತ್ತಿಸಿದ ಪಾಕ. ಸುಮಾರು 40 ಲೀಟರ್ ರಸ ಬತ್ತಿದರೆ 1 ಲೀಟರ್ ಸಿರಪ್ ಆಗುತ್ತದೆ. ಬೆಲೆ ಏರುವುದಕ್ಕೆ ಅದೇ ಮುಖ್ಯ ಕಾರಣ. ಕಡಿಮೆ ಬೆಲೆಗೆ ‘ಪ್ಯಾನ್‌ಕೇಕ್ ಸಿರಪ್’ ಎಂಬ ಹೆಸರಿನಲ್ಲಿ ಬರುವ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದು ಮುಸುಕಿನ ಜೋಳದಿಂದ ತೆಗೆದ ಸಕ್ಕರೆಪಾಕ ಮತ್ತು ಕೃತಕ ಪರಿಮಳ. ಬಾಟಲಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಗೊತ್ತಾಗುತ್ತದೆ.

ಬೆಲ್ಲದ ಪಾಕವನ್ನು ಹೀಗೆ ಮಾಡಿ. ಒಂದು ಲೋಟ ಕುಟ್ಟಿದ ಬೆಲ್ಲಕ್ಕೆ ಅರ್ಧ ಲೋಟ ನೀರು ಹಾಕಿ ಕರಗಿಸಿ, ತಳದಲ್ಲಿ ನಿಲ್ಲುವ ಮಣ್ಣು ಬರದಂತೆ ಬಟ್ಟೆಯಲ್ಲಿ ಸೋಸಿ, ಸಿಪ್ಪೆಸಹಿತ ಜಜ್ಜಿದ ಎರಡು ಏಲಕ್ಕಿಯನ್ನೂ ಒಂದು ಚಿಟಿಕೆ ಉಪ್ಪನ್ನೂ ಹಾಕಿ ಸಣ್ಣ ಉರಿಯಲ್ಲಿಡಿ. ಕುದಿಯುತ್ತಿರುವಾಗಲೇ ನಾಲ್ಕು ಹನಿ ನಿಂಬೆರಸ ಬಿಡಿ. ಹುಳಿಯು ಸಕ್ಕರೆಯ ಒಂದಂಶವನ್ನು ಒಡೆಯುವುದರಿಂದ ಪಾಕ ಆಮೇಲೆ ಹರಳುಗಟ್ಟುವುದು ಕಡಿಮೆಯಾಗುತ್ತದೆ. ನಿಂಬೆ ಮುಗಿದಿದೆ ಎಂದು ಕಾಚಂಪುಳಿಯ (ಕೊಡಗಿನ ಕಪ್ಪು ಹುಳಿಯ) ಬಾಟಲಿಗೆ ಕೈಹಾಕಬೇಡಿ, ಪಂದಿ ಕರಿಗೆ ಅದು ಕೊಡುವ ಕಪ್ಪೂ ಖಾರಹುಳಿಯೂ ಇಲ್ಲಿ ಹೊಂದುವುದಿಲ್ಲ. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಹನಿ ಹಿಡಿದು ನೋಡಿ: ಅಂಟು ಬರಬೇಕು, ಎಳೆ ಬರಬಾರದು. ಎಳೆ ಬರುವವರೆಗೆ ಕಾಯಿಸಿದರೆ ತಣಿದಾಗ ಗಟ್ಟಿಯಾಗಿ ಪ್ಯಾನ್‌ಕೇಕಿನ ಮೇಲೆಯೇ ನಿಲ್ಲುತ್ತದೆ. ಮೇಪಲ್ ಸಿರಪ್ಪಿನ ಗುಣವಿರುವುದೇ ಅದು ಮೆತ್ತನೆಯ ಹಿಟ್ಟಿನೊಳಗೆ ಇಳಿಯುವುದರಲ್ಲಿ. ನಿಮ್ಮ ಪಾಕಕ್ಕೂ ಆ ತೆಳುವು ಇರಲಿ. ಇಳಿಸಿದ ಮೇಲೆ ಒಂದು ಚಮಚ ಗಟ್ಟಿ ಕಾಫಿ ಡಿಕಾಕ್ಷನ್ ಬೆರೆಸಿದರೆ ಸಿಹಿಯ ಅಡಿಯಲ್ಲಿ ಸಣ್ಣ ಕಹಿ ಬಂದು, ಸುಟ್ಟ ಸಕ್ಕರೆಯಂಥ ಘಮ ಏಳುತ್ತದೆ. ನಮ್ಮ ಮನೆಯಲ್ಲಿ ಇದಿಲ್ಲದೆ ಈಗ ಪ್ಯಾನ್‌ಕೇಕ್ ಆಗುವುದೇ ಇಲ್ಲ.

ಜೊತೆಗೆ ತುಪ್ಪದಲ್ಲಿ ಕಂದುಬಣ್ಣಕ್ಕೆ ಹುರಿದ ನೇಂದ್ರ ಬಾಳೆಯ ಬಿಲ್ಲೆಗಳನ್ನಿಡಬಹುದು. ಕಿತ್ತಳೆಯ ಕಾಲದಲ್ಲಾದರೆ ತೊಳೆಗಳ ಬಿಳಿ ಪೊರೆ ಬಿಡಿಸಿ ಮೇಲೆ ಹರಡಬಹುದು. ಪ್ಯಾನ್‌ಕೇಕನ್ನು ಕಾವಲಿಯಿಂದ ತೆಗೆದ ಕೂಡಲೇ ಬೆಣ್ಣೆ ಹಚ್ಚಿ, ಪಾಕವನ್ನು ಊಟದ ಮೇಜಿನಲ್ಲಿ ಹಾಕಿ.

ಫೋನಿನ ಸದ್ದಿನ ವಿಷಯವನ್ನು ಇನ್ನೂ ಇಬ್ಬರು ಕೇಳಿರುವುದರಿಂದ ಮುಂದೆ ವಿಸ್ತಾರವಾಗಿ ಬರೆದಿದ್ದೇನೆ.

ಪ್ರಶ್ನೆ: ಭಾಗಮಂಡಲದ ಕಡೆಯಿಂದ ತರಿಸಿದ ಜೇನು ಬಾಟಲಿಯಲ್ಲೇ ಅರ್ಧ ಗಟ್ಟಿಯಾಗಿ, ತಳದಲ್ಲಿ ರವೆಯಂತೆ ಕುಳಿತಿದೆ. ಸಕ್ಕರೆ ಬೆರೆಸಿ ಮೋಸ ಮಾಡಿದ್ದಾರೆಯೇ? (ಮಡಿಕೇರಿ)

ಉತ್ತರ: ಇಷ್ಟರಿಂದಲೇ ಮಾರಿದವರನ್ನು ದೂರಬೇಡಿ. ಜೇನಿನಲ್ಲಿರುವ ಗ್ಲೂಕೋಸ್ ತಾನಾಗಿ ಹರಳುಗಟ್ಟುತ್ತದೆ. ಮಡಿಕೇರಿಯಂಥ ತಂಪು ಊರಿನಲ್ಲಿ ಇನ್ನೂ ಬೇಗ. ನೀರಿಗೆ ಹನಿ ಬಿಟ್ಟು ನೋಡುವುದು, ಬತ್ತಿಗೆ ಹಚ್ಚಿ ಉರಿಸುವುದು ಮುಂತಾದ ಪರೀಕ್ಷೆಗಳನ್ನು ನಂಬುವಂತಿಲ್ಲ, ಕಲಬೆರಕೆ ಗೊತ್ತಾಗುವುದು ಪ್ರಯೋಗಾಲಯದಲ್ಲಿ ಮಾತ್ರ. ಬಾಟಲಿಯನ್ನು ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆ ನಿಲ್ಲಿಸಿ, ಹರಳು ಕರಗುತ್ತದೆ. ಒಲೆಯ ಮೇಲೆ ನೇರವಾಗಿ ಕಾಯಿಸಿದರೆ ಪರಿಮಳ ಹೋಗುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಯಾವ ಜೇನನ್ನೂ ನೆಕ್ಕಿಸಬೇಡಿ. ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಗಳು ಅಪ್ಪಟ ಜೇನಿನಲ್ಲೂ ಇರಬಹುದು.

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತದ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನು) ಜೇನುಗೂಡುಗಳನ್ನು ಬಹುಪಾಲು ಬರಿದು ಮಾಡಿತ್ತು. ಅದಾದ ಮೇಲೂ ತೋಟದಲ್ಲಿ ಪೆಟ್ಟಿಗೆ ಇಟ್ಟು ಜೇನು ಸಾಕುತ್ತಿರುವವರ ಬಾಟಲಿಯನ್ನು ಅನುಮಾನದಿಂದ ವಾಪಸು ಕಳುಹಿಸುವ ಮುನ್ನ ಒಮ್ಮೆ ಅವರನ್ನೇ ಕೇಳಿ.

ಪ್ರಶ್ನೆ: ಫೋನನ್ನು ಸೈಲೆಂಟ್‌ನಲ್ಲಿಟ್ಟರೂ ತುರ್ತು ಸಂದೇಶ ಸೈರನ್ನಿನಂತೆ ಕೂಗುತ್ತದೆ. ನಮ್ಮ ತಂದೆಗೆ ಹೃದಯದ ತೊಂದರೆಯಿದೆ. ಯಾರಿಗೆ ನನ್ನ ನಂಬರು ಸಿಕ್ಕಿತು, ಇದನ್ನು ಬಂದ್ ಮಾಡುವುದು ಹೇಗೆ? (ಸೋಮವಾರಪೇಟೆ)

ಉತ್ತರ: ನಿಮ್ಮ ನಂಬರು ಯಾರಿಗೂ ಸಿಕ್ಕಿಲ್ಲ. ಇದು ಎಸ್‌ಎಂಎಸ್ ಅಲ್ಲ, ಸೆಲ್ ಬ್ರಾಡ್‌ಕಾಸ್ಟ್. ಆಕಾಶವಾಣಿಯ ಬಾನುಲಿಯಂತೆ ಟವರು ತನ್ನ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ಒಂದೇ ಬಾರಿಗೆ ಸಾರುತ್ತದೆ. ಕೇಳಿಸಿಕೊಂಡವರು ಯಾರು ಎಂಬುದು ಟವರಿಗೆ ತಿಳಿಯುವುದಿಲ್ಲ. ಹಾಗಾಗಿಯೇ, ಎಲ್ಲರೂ ಒಟ್ಟಿಗೆ ಕರೆ ಮಾಡಿ ಲೈನುಗಳು ಕಟ್ಟಿಕೊಂಡಿರುವಾಗಲೂ ಈ ಸಂದೇಶ ತಲುಪುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮತ್ತು ದೂರಸಂಪರ್ಕ ಇಲಾಖೆ 2023ರಲ್ಲಿ ರಾಜ್ಯದಿಂದ ರಾಜ್ಯಕ್ಕೆ ಇದನ್ನು ಪರೀಕ್ಷಿಸುತ್ತ ಬಂದು, ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಪರೀಕ್ಷಿಸಿದವು. ಇದು ಮಾದರಿ ಸಂದೇಶ, ನೀವು ಏನೂ ಮಾಡಬೇಕಾಗಿಲ್ಲ ಎಂದು ಅದರಲ್ಲೇ ಬರೆದಿದ್ದರೂ, ಆ ಸದ್ದಿಗೆ ಬೆಚ್ಚಿದವರು ಓದುವ ಮೊದಲೇ ಫೋನನ್ನು ಕೆಳಗಿಟ್ಟಿದ್ದರು.

ಬಂದ್ ಮಾಡುವ ದಾರಿ ಇದೆ. ಫೋನಿನ ಸೆಟ್ಟಿಂಗ್ಸ್‌ನ ಹುಡುಕುವ ಪಟ್ಟಿಯಲ್ಲಿ ‘ಎಮರ್ಜೆನ್ಸಿ’ ಎಂದು ಹಾಕಿದರೆ ಆಂಡ್ರಾಯ್ಡ್ ಫೋನುಗಳಲ್ಲಿ ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್ ಎಂಬ ಪುಟ ಸಿಗುತ್ತದೆ. ಐಫೋನಿನಲ್ಲಿ ನೋಟಿಫಿಕೇಶನ್ಸ್ ಪುಟದ ಕೊನೆಯಲ್ಲಿದೆ. ಅಲ್ಲಿ ಪರೀಕ್ಷಾ ಸಂದೇಶಗಳಿಗೆ ಒಂದು ಗುಂಡಿ, ತೀವ್ರ ಅಪಾಯದ ಸಂದೇಶಗಳಿಗೆ ಬೇರೆ ಗುಂಡಿ ಇರುವುದು ವಾಡಿಕೆ. ಪರೀಕ್ಷೆಯದನ್ನು ಬಂದ್ ಮಾಡಿಬಿಡಿ. ಕಂಪನವನ್ನು ಬೇರೆಯಾಗಿ ನಿಲ್ಲಿಸಲು ಬರುವ ಫೋನಾದರೆ ಅದನ್ನೂ ನಿಲ್ಲಿಸಿ, ತಂದೆಯವರ ಫೋನನ್ನು ರಾತ್ರಿ ತಲೆದಿಂಬಿನ ಬಳಿಯಿಂದ ಪಕ್ಕದ ಕೋಣೆಗೆ ಸಾಗಿಸಿ. ಆದರೆ ತೀವ್ರ ಅಪಾಯದ ಗುಂಡಿಯನ್ನು ಮನೆಯ ಎಲ್ಲ ಫೋನುಗಳಲ್ಲೂ ಬಂದ್ ಮಾಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಒಂದು ಫೋನಿನಲ್ಲಾದರೂ ಅದು ಉಳಿದಿರಲಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಗುಡ್ಡಗಳು ಜಾರಿದಾಗ ನಾನು ಮಡಿಕೇರಿಯಲ್ಲಿದ್ದೆ. ಕರೆಂಟು ಇರಲಿಲ್ಲ, ಫೋನಿನಲ್ಲಿ ಒಂದು ಗೆರೆಯಷ್ಟು ಸಿಗ್ನಲ್ ಬಂದು ಹೋಗುತ್ತಿತ್ತು. ಆ ಗೆರೆ ಬಂದಾಗಲೆಲ್ಲ ಒಳಗೆ ಬೀಳುತ್ತಿದ್ದುದು ಸಾಲ ಕೊಡುತ್ತೇವೆ ಎಂಬ ಜಾಹೀರಾತು, ರೀಚಾರ್ಜ್ ಮಾಡಿ ಎಂಬ ನೆನಪೋಲೆ, ಗುಂಪುಗಳಲ್ಲಿ ಸುತ್ತುತ್ತಿದ್ದ ಯಾವುದೋ ಊರಿನ ಚಿತ್ರ. ಗಾಳಿಬೀಡಿನ ದಾರಿ ತೆರೆದಿದೆಯೇ ಎಂದು ತಿಳಿಯಲು ನನಗೆ ಬೇಕಾಗಿದ್ದ ಒಂದು ವಾಕ್ಯ ಮಾತ್ರ ಬರಲಿಲ್ಲ. ಆದ್ದರಿಂದ ಬೇಡದ ಸದ್ದುಗಳನ್ನು ಮೊದಲು ನಿಲ್ಲಿಸಿ: 1909ಕ್ಕೆ ಕರೆ ಮಾಡಿ ಜಾಹೀರಾತು ಕರೆಗಳನ್ನು ತಡೆಸಬಹುದು, ಆಟ-ಅಂಗಡಿ ಆ್ಯಪ್‌ಗಳ ನೋಟಿಫಿಕೇಶನ್‌ಗಳನ್ನು ಒಂದೊಂದಾಗಿ ಕಿತ್ತುಹಾಕಬಹುದು, ಗುಂಪುಗಳನ್ನು ಮ್ಯೂಟ್ ಮಾಡಬಹುದು. ದಿನವಿಡೀ ಸುಮ್ಮಸುಮ್ಮನೆ ಕುಟುಕುವ ಫೋನಿಗೆ ಕಿವಿ ಒಗ್ಗಿಹೋದರೆ, ಕೂಗಬೇಕಾದಾಗ ಕೂಗಿದರೂ ನಾವು ತಿರುಗಿ ನೋಡುವುದಿಲ್ಲ.

ಕಕ್ಕಬ್ಬೆಯವರಿಗೆ ಒಂದು ಮಾತು: ಅತಿಥಿಗಳು ಬಂದ ದಿನವೇ, ಇಂಥ ಸದ್ದು ಬರಬಹುದು, ಬಂದರೆ ಮೊದಲು ಓದಿ, ಆಮೇಲೆ ನಮ್ಮನ್ನು ಕೇಳಿ ಎಂದು ಹೇಳಿಬಿಡಿ. ಮೊದಲೇ ಗೊತ್ತಿದ್ದರೆ ಮಕ್ಕಳು ಅಷ್ಟಾಗಿ ಹೆದರುವುದಿಲ್ಲ.

ಪ್ರಶ್ನೆ: ನಮ್ಮ ಮನೆ ಕಣಿವೆಯಲ್ಲಿದೆ, ಟವರಿನ ಸಿಗ್ನಲ್ ಬರುವುದೇ ಇಲ್ಲ. ವೈಫೈ ಮೂಲಕ ಕರೆ ಮಾಡುತ್ತೇವೆ. ನಮಗೆ ಈವರೆಗೆ ಆ ಸೈರನ್ ಬಂದಿಲ್ಲ, ಏಕೆ? (ಪೊನ್ನಂಪೇಟೆ ತಾಲ್ಲೂಕು)

ಉತ್ತರ: ಸೆಲ್ ಬ್ರಾಡ್‌ಕಾಸ್ಟ್ ಟವರಿನ ಅಲೆಯಲ್ಲೇ ಬರಬೇಕು, ವೈಫೈ ಅದನ್ನು ತರುವುದಿಲ್ಲ. ತೋಟದ ನಡುವಿನ ಎಷ್ಟೋ ಮನೆಗಳ ಸ್ಥಿತಿ ಇದೇ. ಅವರೆಲ್ಲ ತಮ್ಮ ಫೋನು ಸರಿಯಿದೆ ಎಂದೇ ನಂಬಿರುತ್ತಾರೆ. ನೀವು ಕೇಳಿದ್ದು ಒಳ್ಳೆಯದಾಯಿತು. ವಿಪತ್ತು ಪ್ರಾಧಿಕಾರದ ‘ಸಚೇತ್’ ಆ್ಯಪ್ ಇಂಟರ್ನೆಟ್ ಮೂಲಕ ಕೆಲಸ ಮಾಡುವುದರಿಂದ ಅದನ್ನು ಹಾಕಿಕೊಳ್ಳಿ. ಏಪ್ರಿಲ್-ಮೇ ತಿಂಗಳ ಮಳೆಯ ಸಿಡಿಲಿಗೆ, ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಇದೆ. ಆದರೆ ಕರೆಂಟು ಹೋದರೆ ವೈಫೈ ಡಬ್ಬವೂ ಆರುತ್ತದೆ. ಅದಕ್ಕೊಂದು ಸಣ್ಣ ಬ್ಯಾಟರಿ, ಮನೆಗೊಂದು ಬ್ಯಾಟರಿ ರೇಡಿಯೋ ಇಟ್ಟುಕೊಳ್ಳಿ, ಮಡಿಕೇರಿ ಆಕಾಶವಾಣಿ ಇದೆಯಲ್ಲ. ಸಿಗ್ನಲ್ ಇಲ್ಲದ ಕಡೆ ಫೋನಿನಲ್ಲಿ ‘ತುರ್ತು ಕರೆ ಮಾತ್ರ’ ಎಂದು ಕಂಡರೆ ಬೇರೆ ಕಂಪನಿಯ ಟವರು ತಲುಪುತ್ತಿದೆ ಎಂದರ್ಥ, ತುರ್ತು ಸಹಾಯದ ಸಂಖ್ಯೆ 112ಕ್ಕೆ ಪ್ರಯತ್ನಿಸಿ.

ಫೋನು ಏನೇ ಹೇಳಲಿ, ಬಿಡಲಿ, ಮನೆಯ ಹಿಂದಿನ ಬರೆಯಲ್ಲಿ (ಕಡಿದಾದ ಮಣ್ಣಿನ ಗೋಡೆಯಲ್ಲಿ) ಹೊಸ ಬಿರುಕು, ನೆಟ್ಟಗಿದ್ದ ಮರ ವಾಲುವುದು, ತಿಳಿಯಾಗಿದ್ದ ಒರತೆಯ ನೀರು ಏಕಾಏಕಿ ಕೆಂಪಾಗುವುದು ಅಥವಾ ನಿಂತೇ ಹೋಗುವುದು ಕಂಡರೆ ಅಲ್ಲಿಂದ ಏಳಿ.

ಪ್ರಶ್ನೆ: ಜೇಬಿನಲ್ಲಿಟ್ಟ ಫೋನು ತಾನಾಗಿ 112ಕ್ಕೆ ಕರೆ ಮಾಡುತ್ತದೆ. ನಾಚಿಕೆಯಾಗಿ ತಕ್ಷಣ ಕಟ್ ಮಾಡುತ್ತೇನೆ. (ಕುಶಾಲನಗರ)

ಉತ್ತರ: ಕಟ್ ಮಾಡಬೇಡಿ. ‘ತಪ್ಪಿ ಬಂದಿದೆ, ಇಲ್ಲಿ ಎಲ್ಲರೂ ಕ್ಷೇಮ’ ಎಂದು ಒಂದು ಮಾತು ಹೇಳಿ; ಇಲ್ಲದಿದ್ದರೆ ಅವರು ಮರಳಿ ಕರೆ ಮಾಡಿ ವಿಚಾರಿಸಬೇಕಾಗುತ್ತದೆ. ಪವರ್ ಗುಂಡಿಯನ್ನು ಬೇಗ ಬೇಗ 3 ಅಥವಾ 5 ಬಾರಿ ಒತ್ತಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಫೋನುಗಳಲ್ಲಿದೆ. ಗುಂಡಿಯ ಹಳೆಯ ಫೋನುಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ಆಗುತ್ತದೆ. ಬಿಗಿಯಾದ ಕವರು ಪವರ್ ಗುಂಡಿಯನ್ನು ಅದುಮುತ್ತಿದೆಯೇ ನೋಡಿ, ಕವರು ಬದಲಿಸಿ. ವ್ಯವಸ್ಥೆಯನ್ನೇ ಬಂದ್ ಮಾಡಬೇಡಿ.

ಪ್ರಶ್ನೆ: ರಾತ್ರಿ ಹತ್ತಕ್ಕೆ ‘ನಾಳೆ ಶಾಲೆಗೆ ರಜೆ’ ಎಂಬ ಸಂದೇಶ, ಬೆಳಿಗ್ಗೆ ಅದು ಸುಳ್ಳು. ಹಳದಿ, ಕಿತ್ತಳೆ, ಕೆಂಪು ಎಂದು ಬರುವುದೂ ನಮಗೆ ಅರ್ಥವಾಗುವುದಿಲ್ಲ. (ವಿರಾಜಪೇಟೆ)

ಉತ್ತರ: ರಜೆಯ ಸಂದೇಶದಲ್ಲಿ ತಾರೀಕು, ತಾಲ್ಲೂಕಿನ ಹೆಸರು, ಆದೇಶ ಹೊರಡಿಸಿದವರ ಹೆಸರು, ಮೂರೂ ಇವೆಯೇ ನೋಡಿ. ಹಳೆಯ ವರ್ಷದ ಆದೇಶದ ಚಿತ್ರವನ್ನೇ ಮತ್ತೆ ಹರಿಬಿಡುವವರಿದ್ದಾರೆ. ಜಿಲ್ಲಾಧಿಕಾರಿಗಳ ಕಚೇರಿಯ ಅಧಿಕೃತ ಪುಟದಲ್ಲಿ ಕಾಣದಿದ್ದರೆ ಮುಂದಕ್ಕೆ ಕಳುಹಿಸಬೇಡಿ.

ಬಣ್ಣಗಳ ಮಾತಿಗೆ ಬಂದರೆ, ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ವಿಪರೀತ ಭಾರಿ. ನಮ್ಮ ತೋಟಗಳಲ್ಲಿ ಇಂದಿಗೂ ಮಳೆಯನ್ನು ಇಂಚು-ಸೆಂಟುಗಳಲ್ಲಿ (ನೂರು ಸೆಂಟಿಗೆ ಒಂದು ಇಂಚು) ಬರೆದಿಡುವುದರಿಂದ ಇದನ್ನು ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು ಎಂದು ನೆನಪಿಟ್ಟುಕೊಳ್ಳುವುದು ಸುಲಭ. ಅಂಗಳದ ಮಳೆಮಾಪಕದ ಪಕ್ಕದ ಗೋಡೆಗೆ ಈ ಮೂರು ಅಂಕಿಗಳನ್ನು ಬರೆದು ಅಂಟಿಸಿ.

ಪ್ರಶ್ನೆ: ಕಕ್ಕಡ 18ಕ್ಕೆ (ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ) ಮದ್ದು ಸೊಪ್ಪಿನ, ಅಂದರೆ ಆ ದಿನ ತಿನ್ನುವ ಔಷಧಿ ಗಿಡದ, ರಸವನ್ನು ಪ್ಯಾನ್‌ಕೇಕ್ ಹಿಟ್ಟಿಗೆ ಬೆರೆಸಬಹುದೇ? (ನಾಪೋಕ್ಲು)

ಉತ್ತರ: ಕಕ್ಕಡ 18 ಬೀಳುವ ಆಗಸ್ಟ್ 3ರಂದು ಮದ್ದು ಪುಟ್ಟನ್ನೋ ಪಾಯಸವನ್ನೋ ಬಿಟ್ಟು ಬರೀ ಪ್ಯಾನ್‌ಕೇಕ್ ಮಾಡುವುದನ್ನು ನಾನು ಒಪ್ಪಲಾರೆ, ಅವುಗಳ ಜೊತೆಗೆ ಮಕ್ಕಳಿಗಾಗಿ ಮಾಡುವುದಾದರೆ ಸಂತೋಷ. ಸೊಪ್ಪನ್ನು ಕಾಂಡಸಹಿತ ಕುದಿಸಿ, ನೇರಳೆ ಬಣ್ಣ ಪೂರ್ತಿ ಬಿಟ್ಟ ನೀರನ್ನು ಸೋಸಿ ತಣಿಸಿ, ಹಿಟ್ಟಿಗೆ ಹಾಕುವ ಹಾಲಿನ ಬದಲು ಅದನ್ನೇ ಹಾಕಿ. ಮೇಲೆ ಜೇನು, ತುಪ್ಪ, ಹೆರೆದ ತೆಂಗಿನಕಾಯಿ ಇರಲಿ, ಪುಟ್ಟಿಗೆ ಹಾಕಿಕೊಳ್ಳುವ ಹಾಗೆಯೇ. ಹೊರಗಿನಿಂದ ಬಂದ ಅತಿಥಿಗಳಿಗೆ ಬಡಿಸುವ ಮುನ್ನ, ಇದನ್ನು ತಿಂದರೆ ಮೂತ್ರ ಕೆಂಪಾಗಿ ಹೋಗುತ್ತದೆ, ಗಾಬರಿಯಾಗಬೇಡಿ ಎಂದು ಮರೆಯದೆ ಹೇಳಿ.