ಕಪ್ಪು ಬಾನೆಟ್ ಮೇಲಿನ ನೀರಿನ ಕಲೆಗೆ ಕಾಂಪೌಂಡ್ ಹಚ್ಚಬೇಡಿ ಸರ್

ಸರ್, ಆ ರಬ್ಬಿಂಗ್ ಕಾಂಪೌಂಡ್ (ಉಜ್ಜುವ ಪುಡಿ ಇರುವ ಪೇಸ್ಟ್) ಡಬ್ಬ ಇನ್ನೂ ತೆರೆದಿಲ್ಲ ಅಂದರೆ ದಯವಿಟ್ಟು ಹಾಗೇ ವಾಪಸ್ ಕಳಿಸಿಬಿಡಿ. ನಾಲ್ಕು ತಿಂಗಳ ಕಪ್ಪು ಕಾರು, ಬಾನೆಟ್ ಮತ್ತು ರೂಫ್ ತುಂಬಾ ಬಿಳಿ ಚುಕ್ಕೆ, ಶಾಂಪೂ ಹಾಕಿದರೂ ಹೋಗುತ್ತಿಲ್ಲ, ಭಾನುವಾರ ಕಾಂಪೌಂಡ್ ಹಾಕಿ ಉಜ್ಜಿ ಮೇಲೆ ವ್ಯಾಕ್ಸ್ ಮಾಡುತ್ತೇನೆ ಅಂತ ಈ ಗುಂಪಿನಲ್ಲಿ ಬರೆದಿದ್ದೀರಿ. ಓದಿ ಸುಮ್ನೆ ಇರೋಕೆ ಆಗಲಿಲ್ಲ. 2016ರಲ್ಲಿ ನಾನು ಮಾಡಿದ್ದೂ ಇದನ್ನೇ. ನಿಮ್ಮ ಪೋಸ್ಟಿಗೆ ಇನ್ನೊಬ್ಬರು ಟೂತ್‌ಪೇಸ್ಟ್ ಹಚ್ಚಿ ಅಂದಿದ್ದಾರೆ. ಅದೂ ಬೇಡ. ಅದರಲ್ಲೂ ಉಜ್ಜುವ ಪುಡಿ ಇರುತ್ತದೆ. ಕಾಂಪೌಂಡ್‌ ಡಬ್ಬದ ಮೇಲೆ ಎಷ್ಟು ಒರಟು ಅಂತಾದರೂ ಬರೆದಿರುತ್ತದೆ, ಟೂತ್‌ಪೇಸ್ಟ್‌ನಲ್ಲಿ ಅದೂ ಇಲ್ಲ.

ನಿಮ್ಮ ಫೋಟೋದಲ್ಲಿ ಕಾಣೋದು ಗೀರಲ್ಲ, ಸುಣ್ಣ. ಬೋರ್‌ವೆಲ್ ನೀರು ಅಂತ ನೀವೇ ಹೇಳಿದ್ದೀರಿ. ಗೀಸರ್ ಕಾಯಿಲ್ ಮೇಲೆ, ಹಂಡೆ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ಅದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ನಿಮ್ಮ ಬಾನೆಟ್ ಮೇಲೆ ಕೂತಿದೆ. ಸುಣ್ಣ ಹುಳಿಗೆ ಕರಗುತ್ತದೆ. ಅದನ್ನು ಉಜ್ಜಿ ತೆಗೆಯೋಕೆ ಹೋದರೆ ಸುಣ್ಣದ ಜೊತೆ ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟೂ ಹೋಗುತ್ತದೆ.

ದಿನಸಿ ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್ ತನ್ನಿ. ಅರ್ಧ ವಿನೆಗರ್, ಅರ್ಧ ನೀರು. ಆ ನೀರು ಬೋರ್‌ವೆಲ್‌ನದ್ದು ಬೇಡ, ಕುಡಿಯುವ ನೀರು. ಮೊದಲು ಕಾರನ್ನು ಶಾಂಪೂ ಹಾಕಿ ತೊಳೆದಿರಬೇಕು, ಧೂಳಿನ ಮೇಲೆ ಏನೂ ಹಚ್ಚಬಾರದು. ನೆರಳಲ್ಲಿ ನಿಲ್ಲಿಸಿ, ಬಾನೆಟ್ ಮೇಲೆ ಅಂಗೈಯ ಹಿಂಭಾಗ ಇಟ್ಟು ನೋಡಿ, ತಣ್ಣಗಿರಬೇಕು. ಮೈಕ್ರೋಫೈಬರ್ ಬಟ್ಟೆ ಅದ್ದಿ ಕಲೆಯ ಮೇಲೆ ಒಂದೆರಡು ನಿಮಿಷ ಹಾಸಿಡಿ. ಒಣಗೋಕೆ ಬಿಡಬೇಡಿ. ಆಮೇಲೆ ಭಾರ ಹಾಕದೆ ಸವರಿ ತೆಗೆದು, ಚೆನ್ನಾಗಿ ತೊಳೆದು, ಮತ್ತೆ ಒಮ್ಮೆ ಶಾಂಪೂ. ಒಂದೇ ಸಲಕ್ಕೆ ಹೋಗದಿದ್ದರೆ ಇನ್ನೊಮ್ಮೆ. ಹಳೇ ವ್ಯಾಕ್ಸ್ ಇದ್ದರೆ ಇದರಲ್ಲಿ ಅದೂ ಸಡಿಲ ಆಗುತ್ತದೆ, ಆದ್ದರಿಂದ ಆ ಜಾಗಕ್ಕೆ ಮತ್ತೆ ವ್ಯಾಕ್ಸ್ ಹಚ್ಚಲೇಬೇಕು. ಪೋರ್ಟಿಕೋದಲ್ಲಿ ಶಹಾಬಾದ್ ಅಥವಾ ಕಡಪ ಕಲ್ಲು ಹಾಸಿದ್ದರೆ ಗಾಡಿ ಹೊರಗೆ ತಂದು ಮಾಡಿ. ಅವು ಸುಣ್ಣದ ಕಲ್ಲು, ವಿನೆಗರ್ ಬಿದ್ದರೆ ನೆಲದಲ್ಲಿ ಕಲೆ ಉಳಿಯುತ್ತದೆ. ಹುಳಿ ಅಂದೆ ಅಂತ ಬಾತ್‌ರೂಮ್ ತೊಳೆಯುವ ಆ್ಯಸಿಡ್ ಕಡೆ ಮಾತ್ರ ಕೈ ಹಾಕಬೇಡಿ. ನಿಂಬೆಹಣ್ಣೂ ಬೇಡ.

ಈಗ ನನ್ನ ಕಥೆ. ಆಗ ವೈಟ್‌ಫೀಲ್ಡ್ ಕಡೆ ಬಾಡಿಗೆ ಮನೆ, ವಾರಪೂರ್ತಿ ಟ್ಯಾಂಕರ್ ನೀರು. ಕಪ್ಪು ಸ್ವಿಫ್ಟ್. ಭಾನುವಾರ ಹನ್ನೊಂದು ಗಂಟೆ ಬಿಸಿಲಲ್ಲಿ ತೊಳೆದು, ಒರೆಸದೆ ತಿಂಡಿಗೆ ಹೋದೆ. ಬಂದು ನೋಡಿದರೆ ಬಾನೆಟ್ ತುಂಬಾ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಚುಕ್ಕೆ. ಹಾರ್ಡ್‌ವೇರ್ ಅಂಗಡಿಯವರು ಒಂದು ಕಾಂಪೌಂಡ್ ಕೊಟ್ಟರು. ಹಳೇ ಬನಿಯನ್ ತುಂಡಲ್ಲಿ ಅದೇ ಬಿಸಿಲಲ್ಲಿ ಗುಂಡಗೆ ಉಜ್ಜಿದೆ. ಚುಕ್ಕೆ ಹೋಯಿತು, ಫಳಫಳ ಹೊಳೆಯಿತು. ಅಲ್ಲೇ ನಾನು ಮೋಸ ಹೋಗಿದ್ದು. ಕಾಂಪೌಂಡ್‌ನಲ್ಲಿರುವ ಎಣ್ಣೆ ಅಂಶ ಗೀರುಗಳನ್ನು ತುಂಬಿ ಮುಚ್ಚಿತ್ತು. ಎರಡು ವಾಶ್ ಆದಮೇಲೆ ಎಣ್ಣೆ ಹೋಯಿತು, ಬಾನೆಟ್ ಪೂರ್ತಿ ಜೇಡರ ಬಲೆಯಂತೆ ಸ್ವರ್ಲ್ (ಗುಂಡಗಿನ ಸಣ್ಣ ಗೀರು). ಅದನ್ನು ತೆಗೆಯೋಕೆ ಮತ್ತೆ ಅದೇ ಕಾಂಪೌಂಡ್, ಈ ಸಲ ಜಾಸ್ತಿ ಭಾರ ಹಾಕಿ. ಮೂರನೇ ಸಲಕ್ಕೆ ಬಾನೆಟ್‌ನ ಮಡಿಕೆ ಗೆರೆಯ ಮೇಲೆ ಒಂದು ಗೇಣುದ್ದ ಮಂಕು ಪಟ್ಟೆ ಬಿತ್ತು. ಒದ್ದೆ ಮಾಡಿದರೆ ಮಾಯ, ಒಣಗಿದರೆ ಮತ್ತೆ ಹಾಜರು. ಕ್ಲಿಯರ್ ಕೋಟ್ ಸವೆದು ಹೋಗಿತ್ತು. ಅದಕ್ಕೆ ಜಗತ್ತಿನ ಯಾವ ವ್ಯಾಕ್ಸೂ ಔಷಧಿ ಅಲ್ಲ. ಬಾನೆಟ್‌ಗೆ ಪೂರ್ತಿ ಪೇಂಟ್ ಮಾಡಿಸಿದೆ, 6,500 ರೂಪಾಯಿ. ಕಂಪನಿ ಪೇಂಟಿನ ಮೈ ಮತ್ತೆ ಬರಲಿಲ್ಲ. ಸಂಜೆ ಬೆಳಕಲ್ಲಿ ಫೆಂಡರ್ ಪಕ್ಕ ಬಾನೆಟ್ ಬೇರೆಯೇ ಕಾಣುತ್ತಿತ್ತು. ಕಾರು ಮಾರುವಾಗ ಕೊಳ್ಳೋಕೆ ಬಂದವರು ಮೊದಲು ಕೇಳಿದ್ದೇ "ಆಕ್ಸಿಡೆಂಟ್ ಆಗಿತ್ತಾ" ಅಂತ.

ಕ್ಲಿಯರ್ ಕೋಟ್ ಸಾಮಾನ್ಯವಾಗಿ 40-50 ಮೈಕ್ರಾನ್ ಇರುತ್ತದೆ ಸರ್. ತಲೆಕೂದಲಿಗಿಂತ ತೆಳು. ಬಿಸಿಲಿನಿಂದ ಬಣ್ಣ ಕಾಯೋದು ಅದೇ. ಅಂಚು, ಮಡಿಕೆ ಗೆರೆಗಳಲ್ಲಿ ಇನ್ನೂ ತೆಳು, ಕೈಯ ಭಾರ ಬೀಳೋದೂ ಅಲ್ಲೇ ಜಾಸ್ತಿ. ಮೇಲೆ ಹಿರಿಯರೊಬ್ಬರು ಅಂಬಾಸಿಡರ್‌ಗೆ ವರ್ಷಕ್ಕೊಮ್ಮೆ ಕಾಂಪೌಂಡ್ ಹಾಕುತ್ತಿದ್ದೆವು, ಏನೂ ಆಗಿಲ್ಲ ಅಂದಿದ್ದಾರೆ. ಅವರು ಹೇಳಿದ್ದು ನಿಜವೇ. ಆ ಕಾಲದ ಪೇಂಟ್ ಬೇರೆ. ಮೇಲೆ ಕ್ಲಿಯರ್ ಕೋಟ್ ಇರುತ್ತಿರಲಿಲ್ಲ, ಉಜ್ಜಿದರೆ ಬಟ್ಟೆಗೇ ಬಣ್ಣ ಹತ್ತುತ್ತಿತ್ತು, ಸತ್ತ ಪದರ ಹೋಗಿ ಕೆಳಗಿನ ಹೊಸ ಬಣ್ಣ ಕಾಣುತ್ತಿತ್ತು. ಹಳೇ ಮಾರುತಿ 800 ಇಟ್ಟುಕೊಂಡವರಿಗೂ ಆ ಮಾತು ಸರಿಹೋಗುತ್ತದೆ. ನಿಮ್ಮ ಗಾಡಿಗೆ ಅಲ್ಲ.

ವಿನೆಗರ್ ಹಾಕಿದಮೇಲೂ ಕಲೆಯ ಉಂಗುರ ಉಳಿದರೆ ಅದು ಪೇಂಟ್ ಒಳಗೆ ಕೊರೆದಿದೆ ಅಂತ ಅರ್ಥ. ಆಗ ಪಾಲಿಶ್ ಬೇಕು, ಆದರೆ ತೀರಾ ನಯವಾದ ಫಿನಿಶಿಂಗ್ ಪಾಲಿಶ್, ಮೆತ್ತನೆ ಫೋಮ್ ಪ್ಯಾಡ್, ಡಿಎ ಮೆಷಿನ್ (ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಓಲಾಡುವಂಥದ್ದು). ಮೊದಲು ಒಂದು ಅಡಿ ಜಾಗದಲ್ಲಿ ಮಾಡಿ ನೋಡಿ, ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಾಕಿ. ಪ್ಯಾಡ್ ಒಂದೇ ಕಡೆ ಗಿರಗಿರ ತಿರುಗುವ ರೋಟರಿ ಮೆಷಿನ್ ಇರುವ ವಾಶಿಂಗ್ ಸೆಂಟರ್‌ಗೆ ಕೊಟ್ಟು ಟೀ ಕುಡಿಯೋಕೆ ಹೋಗಬೇಡಿ. ಕಪ್ಪು ಕಾರಿಗೆ ಅನುಭವ ಇಲ್ಲದವರು ರೋಟರಿ ಆಡಿಸಿದರೆ ಬಿಸಿಲಲ್ಲಿ ಹೊಲೊಗ್ರಾಮ್ (ಬೆಳಕಿನ ಜೊತೆ ಸರಿದಾಡುವ ಸಣ್ಣ ಗೀರಿನ ಗುರುತು) ಕಾಣುತ್ತದೆ.

ಇಷ್ಟೆಲ್ಲ ಮಾಡಿ, ನೀರು ಮಾತ್ರ ಅದೇ ಇಟ್ಟುಕೊಂಡರೆ ಮುಂದಿನ ತಿಂಗಳು ಮತ್ತೆ ಇದೇ ಫೋಟೋ ಹಾಕುತ್ತೀರಿ. ಗುಂಪಿನಲ್ಲಿ ಎಲ್ಲರೂ ಯಾವ ವ್ಯಾಕ್ಸ್, ಯಾವ ಶಾಂಪೂ ಅಂತ ಕೇಳುತ್ತಾರೆ. ಯಾವ ನೀರು ಅಂತ ಒಬ್ಬರೂ ಕೇಳುವುದಿಲ್ಲ. ಒಂದು ಟಿಡಿಎಸ್ ಮೀಟರ್ ತಗೊಳ್ಳಿ, ಕೆಲವೇ ನೂರು ರೂಪಾಯಿ, ನೀರಲ್ಲಿ ಕರಗಿರುವ ಲವಣ ಎಷ್ಟು ಅಂತ ತೋರಿಸುತ್ತದೆ. ಕುಡಿಯುವ ನೀರಿಗೇ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಲೀಟರ್‌ಗೆ 500 ಮಿಲಿಗ್ರಾಂ ಒಳಗೆ ಇರಲಿ ಅನ್ನುತ್ತದೆ. ನಮ್ಮ ಬೋರ್‌ವೆಲ್ ಬೇಸಿಗೆಯಲ್ಲಿ 900 ದಾಟುತ್ತದೆ. ಏಸಿ ಪೈಪಿನಿಂದ ತೊಟ್ಟಿಕ್ಕುವ ನೀರು ಅಳೆದರೆ 20ರ ಒಳಗೆ! ಗಾಳಿಯ ತೇವ ತಣ್ಣಗಾಗಿ ನೀರಾದದ್ದು, ಅದರಲ್ಲಿ ಸುಣ್ಣ ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ನಮ್ಮ ಏಸಿ ಕೆಳಗೆ ಬಕೆಟ್ ಇಟ್ಟರೆ ರಾತ್ರಿಗೆ ಮೂರು ನಾಲ್ಕು ಲೀಟರ್ ಸಿಗುತ್ತದೆ. ಕ್ಯಾನ್‌ನಲ್ಲಿ ತುಂಬಿ ಮುಚ್ಚಿಡುತ್ತೇನೆ, ಕಾರು ತೊಳೆಯೋಕೆ ಅದನ್ನೇ ಬಳಸುತ್ತೇನೆ. ಮಳೆಗಾಲದಲ್ಲಿ ತಾರಸಿಯ ಮಳೆನೀರು, ಮೊದಲ ಮಳೆಯದ್ದು ಬಿಟ್ಟು.

ಒಂದು ಮಾತು ಮಾತ್ರ ಖಂಡಿತ ನೆನಪಿಡಿ. ಆರ್‌ಒ ಮೆಷಿನ್ ಹೊರಗೆ ಬಿಡುವ ನೀರನ್ನು ಹಿಡಿದು ಕಾರು ತೊಳೆಯುವವರು ಇಲ್ಲಿ ತುಂಬಾ ಜನ ಇದ್ದೀರಿ. ನೀರು ಉಳಿಸುವ ಮನಸ್ಸು ಒಳ್ಳೆಯದು. ಆದರೆ ಮೆಷಿನ್ ಬೇರ್ಪಡಿಸಿದ ಲವಣವೆಲ್ಲ ಇರೋದು ಆ ನೀರಲ್ಲೇ. ಮೆಷಿನ್ ಒಳಗೆ ಹೋದ ನೀರಿಗಿಂತ ಗಡಸು. ನೆಲ ಒರೆಸಿ, ಟಾಯ್ಲೆಟ್‌ಗೆ ಹಾಕಿ, ಕಾರಿಗೆ ಬೇಡ.

ವಾಶ್ ವಿಷಯಕ್ಕೆ ಬಂದರೆ ನಾನೀಗ ಪೈಪ್ ಹಿಡಿಯೋದು ಬಿಟ್ಟೇ ಬಿಟ್ಟಿದ್ದೇನೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂದಿತಲ್ಲ, ಆಗ ರಿನ್ಸ್‌ಲೆಸ್ ವಾಶ್ (ಕೊನೆಗೆ ನೀರು ಸುರಿಯದೆ ಒದ್ದೆ ಬಟ್ಟೆಯಲ್ಲೇ ತೊಳೆಯೋದು) ಶುರು ಮಾಡಿದೆ. ಅದಕ್ಕೆ ಓಎನ್‌ಆರ್ ಅನ್ನೋ ದ್ರವ, ಎಂಟು ಲೀಟರ್ ನೀರಿಗೆ 30 ಎಂಎಲ್. ಅದನ್ನೇ ಸ್ಪ್ರೇ ಬಾಟಲಿಯಲ್ಲಿ ಹಾಕಿ ಮೊದಲು ಪ್ಯಾನೆಲ್ ನೆನೆಸಿ, ಐದಾರು ಮೈಕ್ರೋಫೈಬರ್ ಬಕೆಟ್‌ನಲ್ಲಿ ಅದ್ದಿಟ್ಟು, ಒಂದೊಂದು ಮಡಿಕೆಯಲ್ಲಿ ಒಂದೇ ಎಳೆತ, ಮತ್ತೆ ಮಡಿಕೆ ಬದಲು. ಕೊಳೆಯಾದ ಬಟ್ಟೆ ಮತ್ತೆ ಬಕೆಟ್‌ಗೆ ಹೋಗುವುದಿಲ್ಲ. ಪೂರ್ತಿ ಕಾರಿಗೆ ಒಂದು ಬಕೆಟ್ ಸಾಕು, ಅಷ್ಟನ್ನು ಮೆತ್ತಗಿನ ನೀರಲ್ಲೇ ಮಾಡಬಹುದು. ಓಎನ್‌ಆರ್ ದುಬಾರಿ ಅನ್ನಿಸುತ್ತದೆ, ಲೆಕ್ಕ ಹಾಕಿದರೆ ಅಲ್ಲ. ಆದರೆ ಊರಿಗೆ ಹೋಗಿ ಕೆಸರು ಮೆತ್ತಿಕೊಂಡು ಬಂದ ಗಾಡಿಗೆ ಇದು ಆಗಲ್ಲ. ಮೊದಲು ಪ್ರೆಶರ್ ನೀರಲ್ಲಿ ಕೆಸರು ಇಳಿಸಲೇಬೇಕು. ಸಂಡೂರು, ಹೊಸಪೇಟೆ ಕಡೆಯವರು ಇನ್ನೂ ಹುಷಾರು. ಅದಿರಿನ ಧೂಳು ಕೂತ ಗಾಡಿಯನ್ನು ಒರೆಸಿದರೆ ಗೀರು ಗ್ಯಾರಂಟಿ. ನೀರು ಬಿಟ್ಟು ಇಳಿಸಿ, ಆಮೇಲೆ ಕಬ್ಬಿಣದ ಕಣ ಕರಗಿಸುವ ಐರನ್ ರಿಮೂವರ್, ಆಮೇಲೆ ಅಂಟಿ ಉಳಿದದ್ದನ್ನು ಎತ್ತುವ ಕ್ಲೇ ಮುದ್ದೆ.

ಅಪಾರ್ಟ್‌ಮೆಂಟಿನಲ್ಲಿ ಬೆಳಗ್ಗೆ ಐದಕ್ಕೆ ಬಂದು ಒರೆಸುವವರಿಗೆ ದಿನಾ ನಿಮ್ಮ ಕಾರೂ ಒರೆಸೋಕೆ ಹೇಳಿದ್ದೀರಿ ಅಂತಲೂ ಬರೆದಿದ್ದೀರಿ. ನಿಲ್ಲಿಸಿ ಸರ್. ಪಾಪ, ಅವರದ್ದು ತಪ್ಪಲ್ಲ. ಒಂದು ಗಂಟೆಯಲ್ಲಿ ಹತ್ತು ಕಾರು, ಒಂದು ಬಕೆಟ್, ಒಂದೇ ಬಟ್ಟೆ. ಪಕ್ಕದ ಕಾರಿನ ಮರಳು ನಿಮ್ಮ ಬಾಗಿಲ ಮೇಲೆ ಬರುತ್ತದೆ. ಕಪ್ಪು ಕಾರಿನ ಮೇಲೆ ದಿನಾ ಬಟ್ಟೆ ಆಡಬಾರದು. ನಾನು ನಮ್ಮವರಿಗೆ ಅದೇ ಸಂಬಳ ಕೊಟ್ಟು, ಗಾಜು, ಟಯರ್, ಒಳಗಿನ ಮ್ಯಾಟ್ ಮಾತ್ರ ಮಾಡಿ ಅಂದಿದ್ದೇನೆ. ಧೂಳಿರಲಿ ಬಿಡಿ, ಧೂಳು ಸುಮ್ನೆ ಕೂತಿದ್ದರೆ ಗೀರು ಬೀಳಲ್ಲ.

ವ್ಯಾಕ್ಸ್ ಯಾವುದು ಅಂತ ಕೇಳಿದ್ದೀರಿ. ನನ್ನ ಕೈಗೆ ಒಗ್ಗಿದ್ದು ಕಾಲಿನೈಟ್ 845. ನಮ್ಮ ಬಿಸಿಲು ಮಳೆಗೆ ನನಗೆ ಮೂರು ತಿಂಗಳು ತಡೆದಿದೆ. ಆದರೆ ಎಷ್ಟು ತೆಳುವಾಗಿ ಹಚ್ಚಬೇಕು ಅಂದರೆ ಹಚ್ಚಿದ್ದೇ ಕಾಣಬಾರದು. ದಪ್ಪ ಹಚ್ಚಿ ಬಿಟ್ಟರೆ ಒರೆಸೋಕೆ ತೋಳು ಬಿದ್ದುಹೋಗುತ್ತದೆ. ಒಂದೊಂದೇ ಪ್ಯಾನೆಲ್ ಹಚ್ಚಿ, ಒರೆಸಿ, ಮುಂದೆ ಹೋಗಿ. ಡಿಸೆಂಬರ್ ಚಳಿಗೆ ಗಟ್ಟಿಯಾಗಿದ್ದರೆ ಬಾಟಲಿಯನ್ನು ಬಿಸಿನೀರಲ್ಲಿಟ್ಟು ಅಲುಗಿಸಿ. ಮೆಗ್ವಯರ್ಸ್ ಲಿಕ್ವಿಡ್ ವ್ಯಾಕ್ಸ್ ಹಚ್ಚೋಕೆ ಸುಲಭ, ಮೊದಲ ಸಲ ಮಾಡುವವರಿಗೆ ಅದೇ ಸರಿ. ಅವರ ಶಾಂಪೂನೂ ಚೆನ್ನಾಗಿದೆ, 3ಎಂ ಶಾಂಪೂನೂ ಸಾಕು. ಮೆಗ್ವಯರ್ಸ್ ಅನ್ನು 2008ರಲ್ಲಿ 3ಎಂ ಕೊಂಡುಕೊಂಡಿತು, ಆದ್ದರಿಂದ ಅದು ಮೇಲಾ ಇದು ಮೇಲಾ ಅಂತ ಇಲ್ಲಿ ಜಗಳ ಆಡೋದು ವ್ಯರ್ಥ. ಕಾರ್ನೌಬಾ (ಒಂದು ಜಾತಿಯ ತಾಳೆ ಎಲೆಯ ಮೇಣ) ಪೇಸ್ಟ್ ಕಪ್ಪು ಬಣ್ಣಕ್ಕೆ ತುಂಬಾ ಚೆಂದದ ಹೊಳಪು ಕೊಡುತ್ತದೆ, ಆದರೆ ನನ್ನ ಕಾರಿನ ಮೇಲೆ ಒಂದೂವರೆ ತಿಂಗಳು ದಾಟಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಸೋಪಿನ ಪುಡಿ ಎರಡೂ ಬೇಡ. ಜಿಡ್ಡು ತೆಗೆಯೋಕೆ ಮಾಡಿದ್ದು ವ್ಯಾಕ್ಸನ್ನು ಬಿಡುತ್ತದಾ?

ಪೇಂಟ್ ಮೇಲೆ ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಕಲೆಯೇ ಆಗಲ್ಲ ಅಂತ ಶೋರೂಮಿನಲ್ಲಿ ಹೇಳಿದರು ಅಂದಿರಿ. ನಂಬಬೇಡಿ. ಅವರು ಹೇಳುವ 9ಎಚ್ ಅಂದರೆ ಪೆನ್ಸಿಲ್ ಗಡಸುತನದ ಅಳತೆ, ವಜ್ರದ್ದಲ್ಲ. ಕಲ್ಲು ಸಿಡಿದರೆ ಏಟು ಬಿದ್ದೇ ಬೀಳುತ್ತದೆ. ನೀರು ಮುತ್ತಿನಂತೆ ನಿಲ್ಲೋದನ್ನು ವಿಡಿಯೋ ಮಾಡಿ ಹಾಕುತ್ತಾರೆ. ಬೋರ್‌ವೆಲ್ ನೀರು ಹಾಗೆ ಮುತ್ತಾಗಿ ನಿಂತು ಬಿಸಿಲಲ್ಲಿ ಒಣಗಿದರೆ ಒಂದೊಂದು ಮುತ್ತೂ ಒಂದೊಂದು ಸುಣ್ಣದ ಉಂಗುರ. ಸೆರಾಮಿಕ್ ಇರಲಿ, ವ್ಯಾಕ್ಸ್ ಇರಲಿ, ಒರೆಸಲೇಬೇಕು. ಒಣಗಿಸೋಕೆ ದಪ್ಪ ಟವೆಲ್ ತಗೊಳ್ಳಿ, ಉಜ್ಜಬೇಡಿ, ಹಾಸಿ ಎಳೆಯಿರಿ. ಮೈಕ್ರೋಫೈಬರನ್ನು ಹತ್ತಿ ಬಟ್ಟೆ ಜೊತೆ ಒಗೆಯಬೇಡಿ, ಕಂಫರ್ಟ್ ತರಹದ್ದು ಹಾಕಬೇಡಿ. ನೆಲಕ್ಕೆ ಬಿದ್ದ ಬಟ್ಟೆ ಅವತ್ತಿಂದ ಚಕ್ರಕ್ಕೆ ಮಾತ್ರ.

ಮಾವಿನ ಮರದ ಕೆಳಗೆ ನಿಲ್ಲಿಸುವವರು ಹೂ ಬಿಡುವ ಕಾಲದಲ್ಲಿ ಬೇರೆ ಜಾಗ ನೋಡಿ, ಜಿಗಿಹುಳುವಿನ ಅಂಟು ಬಿಸಿಲಿಗೆ ಗಟ್ಟಿಯಾಗುತ್ತದೆ. ಹಕ್ಕಿ ಹಿಕ್ಕೆ ಬಿದ್ದರೆ ಭಾನುವಾರದವರೆಗೆ ಕಾಯಬೇಡಿ. ಒದ್ದೆ ಟಿಶ್ಯೂ ಐದು ನಿಮಿಷ ಹಾಸಿ, ನೆನೆದ ಮೇಲೆ ಎತ್ತಿ ತೆಗೆಯಿರಿ. ಆಯುಧ ಪೂಜೆಗೆ ಎರಡು ದಿನ ಮೊದಲೇ ವ್ಯಾಕ್ಸ್ ಮಾಡಿಡಿ. ಅರಿಶಿನ ಕುಂಕುಮವನ್ನು ಕಲಸಿ ಹಚ್ಚುವ ಬದಲು ಒಣಗಿದ್ದು ಇಡಿ, ಸಾಧ್ಯವಾದರೆ ನಂಬರ್ ಪ್ಲೇಟ್ ಮೇಲೆ. ಚೆಂಡುಹೂವಿನ ಹಾರವನ್ನು ಮೂರು ದಿನ ಬಾನೆಟ್ ಮೇಲೆ ಕೊಳೆಯೋಕೆ ಬಿಡಬೇಡಿ, ಅದರ ಕಲೆ ನಮ್ಮ ಭಾವನ ಬಿಳಿ ಕಾರಿನಲ್ಲಿ ಇನ್ನೂ ಇದೆ.

ಸದ್ಯಕ್ಕೆ ವಿನೆಗರ್ ಒಂದೇ ಮಾಡಿ ಸರ್, ಅದೂ ಬಾನೆಟ್‌ನ ಒಂದು ಮೂಲೆಯಲ್ಲಿ. ಸಂಜೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಹತ್ತಿರದಿಂದ ಫೋಟೋ ತೆಗೆದು ಇಲ್ಲೇ ಹಾಕಿ. ಉಂಗುರ ಉಳಿದಿದೆಯಾ ಇಲ್ಲವಾ ನೋಡಿ ಪಾಲಿಶ್ ಬೇಕಾ ಹೇಳುತ್ತೇನೆ. ಅಲ್ಲಿಯವರೆಗೆ ಆ ಡಬ್ಬ ಮುಟ್ಟಬೇಡಿ.